ಏಳನೆಯ ವಾರ್ಡಿನ ಲೆಕ್ಕ

ಒಬ್ಬ ಮನುಷ್ಯನ ಆರೋಗ್ಯವನ್ನು ತಿಳಿಯಬೇಕಾದರೆ ವೈದ್ಯನು ನಾಡಿಯನ್ನು ಹಿಡಿಯುತ್ತಾನೆ, ನಾಲಗೆಯನ್ನು ನೋಡುತ್ತಾನೆ, ನಿದ್ರೆ ಆಹಾರಗಳನ್ನು ವಿಚಾರಿಸುತ್ತಾನೆ. ಒಂದು ಕೇರಿಯ ಆರೋಗ್ಯವನ್ನು ತಿಳಿಯಬೇಕಾದರೆ ಯಾವ ನಾಡಿಯನ್ನು ಹಿಡಿಯಬೇಕು? ಬಹುಕಾಲದವರೆಗೆ ನಗರಗಳಿಗೆ ತಿಳಿದಿದ್ದುದು ಒಂದೇ ಉಪಾಯ: ಸತ್ತವರನ್ನು ಎಣಿಸುವುದು. ಲಂಡನ್ನಿನಲ್ಲಿ ವಾರವಾರವೂ ಪ್ರಕಟವಾಗುತ್ತಿದ್ದ ಮರಣದ ಪಟ್ಟಿಗಳನ್ನು ಕಲೆಹಾಕಿ, ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿಯು 1662ನೆಯ ಇಸವಿಯಲ್ಲಿ ಒಂದು ಗ್ರಂಥವನ್ನೇ ಬರೆದನು. ಅಂದಿನಿಂದ ಸತ್ತವರ ಲೆಕ್ಕಕ್ಕೆ ಶಾಸ್ತ್ರದ ಗೌರವ ಬಂದಿತು. ಸಾವಿನ ಲೆಕ್ಕವು ಸುಳ್ಳು ಹೇಳುವುದಿಲ್ಲವೆಂದು ಜನರು ನಂಬುತ್ತಾರೆ. ಲೆಕ್ಕವೇನೋ ಸುಳ್ಳು ಹೇಳದು. ಆದರೆ ಲೆಕ್ಕವನ್ನು ಮುಂದಿಟ್ಟುಕೊಂಡು ಮಾತನಾಡುವವರು ಯಾವ ಮಾತನ್ನಾದರೂ ಆಡಬಹುದು.

ಇದಕ್ಕೆ ನಿದರ್ಶನವಾಗಿ ಅಮೆರಿಕದ ಫಿಲಡೆಲ್ಫಿಯ ನಗರದ ಒಂದು ವಾರ್ಡಿನ ಕಥೆಯನ್ನು ಈ ಭಾಷಣದಲ್ಲಿ ಹೇಳಬೇಕೆಂದಿದ್ದೇನೆ. ಅಲ್ಲಿ 1896 ಮತ್ತು 1897ರಲ್ಲಿ ಒಬ್ಬ ತರುಣ ವಿದ್ವಾಂಸನು ಮನೆಮನೆಯ ಬಾಗಿಲನ್ನು ತಟ್ಟಿ ಒಂದು ಲೆಕ್ಕವನ್ನು ಬರೆದುಕೊಂಡನು. ಅದರ ಹಿಂದೆ ಇದ್ದ ಪ್ರಶ್ನೆ ಸಣ್ಣದಲ್ಲ. ಒಂದು ಜನಾಂಗವು ಬದುಕಲು ತಕ್ಕುದೋ ಅಥವಾ ಹುಟ್ಟಿನಿಂದಲೇ ನಾಶಕ್ಕೆ ಗುರಿಯಾದುದೋ ಎಂಬುದೇ ಆ ಪ್ರಶ್ನೆ.

ಫಿಲಡೆಲ್ಫಿಯ ಎರಡು ನದಿಗಳ ನಡುವಣ ಊರು. ಮೂಡಲಿಗೆ ಡೆಲವೇರ್ ನದಿ, ಪಡುವಲಿಗೆ ಸ್ಕೂಲ್‌ಕಿಲ್ ನದಿ. ವಿಲಿಯಂ ಪೆನ್ ಎಂಬ ಕ್ವೇಕರ್ ಮತದ ಧನಿಕನು 1682ರಲ್ಲಿ ನೂಲು ಹಿಡಿದಂತೆ ನೇರವಾದ ಬೀದಿಗಳನ್ನು ಎಳೆಯಿಸಿ ಈ ಊರನ್ನು ಕಟ್ಟಿಸಿದನು. ಊರಿನ ನಡುಭಾಗಕ್ಕೆ ತೆಂಕಲಲ್ಲಿ, ಸ್ಪ್ರೂಸ್ ಬೀದಿಗೂ ಸೌತ್ ಬೀದಿಗೂ ನಡುವೆ, ಏಳನೆಯ ಬೀದಿಯಿಂದ ಹೊರಟು ಪಡುವಣ ನದಿಯವರೆಗೆ ಪಟ್ಟಿಯಂತೆ ಚಾಚಿದ್ದ ಭಾಗವೇ ಏಳನೆಯ ವಾರ್ಡು. ಅದರ ಮೂಡಣ ಅಂಚಿಗೆ ಹೊಂದಿಕೊಂಡಂತೆ, ಆರನೆಯ ಬೀದಿಯೂ ಲೊಂಬಾರ್ಡ್ ಬೀದಿಯೂ ಕೂಡುವಲ್ಲಿ, ಮದರ್ ಬೆತೆಲ್ ಎಂಬ ಇಗರ್ಜಿ ಇದೆ. ಗುಲಾಮನಾಗಿ ಹುಟ್ಟಿ, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ರಿಚರ್ಡ್ ಆಲೆನ್ ಎಂಬಾತನು 1794ರಲ್ಲಿ ಅದನ್ನು ಸ್ಥಾಪಿಸಿದನು. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರು ಈ ಇಗರ್ಜಿಯ ಸುತ್ತುಮುತ್ತ ನೆಲಸುತ್ತ ಬಂದರು. ಇವರನ್ನು ಆಗಿನ ಗ್ರಂಥಗಳಲ್ಲಿ ನೀಗ್ರೋಗಳೆಂದು ಕರೆದಿದೆ. ಆ ಹೆಸರು ಅವರಿಗೇ ಬೇಡವಾಗಿರುವುದರಿಂದ ನಾನು ಕಪ್ಪು ಜನರೆಂದೇ ಹೇಳುತ್ತೇನೆ.

ಮನೆಮನೆಯ ಲೆಕ್ಕಕ್ಕೆ ಬರುವ ಮೊದಲು ನೂರು ವರ್ಷ ಹಿಂದಕ್ಕೆ ಹೋಗಬೇಕಾಗಿದೆ. ಈ ಕೇರಿಯ ಜನರ ದೇಹವನ್ನು ಕುರಿತ ಮೊದಲ ವಾದವು ನಡೆದುದು ಆಗಲೇ.

1793ನೆಯ ಇಸವಿಯ ಬೇಸಗೆಯ ಕೊನೆಯಲ್ಲಿ ಫಿಲಡೆಲ್ಫಿಯಕ್ಕೆ ಹಳದಿ ಜ್ವರ ಬಂದಿತು. ಆಗ ಅದು ಸಂಯುಕ್ತ ಸಂಸ್ಥಾನಗಳ ರಾಜಧಾನಿ. ಸುಮಾರು 50,000 ಜನರಿದ್ದ ಊರು. ಕೆಲವೇ ತಿಂಗಳಲ್ಲಿ ಸುಮಾರು 5,000 ಮಂದಿ ಸತ್ತರು. ಅಧ್ಯಕ್ಷ ವಾಷಿಂಗ್ಟನ್ ಮೊದಲಾಗಿ ಕೈಯಲ್ಲಾದವರೆಲ್ಲ ಊರು ಬಿಟ್ಟರು. ಊರಿನ ಪ್ರಸಿದ್ಧ ವೈದ್ಯನೂ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವನೂ ಆದ ಬೆಂಜಮಿನ್ ರಷ್ ಒಂದು ಮಾತನ್ನು ಹಬ್ಬಿಸಿದನು: ಕಪ್ಪು ಜನರಿಗೆ ಈ ಜ್ವರ ಅಂಟುವುದಿಲ್ಲ, ಆದ್ದರಿಂದ ರೋಗಿಗಳ ಶುಶ್ರೂಷೆಗೂ ಹೆಣಗಳ ಸಾಗಣೆಗೂ ಅವರೇ ಮುಂದೆ ಬರಬೇಕು. ರಿಚರ್ಡ್ ಆಲೆನ್ನನೂ ಅವನ ಗೆಳೆಯನಾದ ಆಬ್ಸಲೊಂ ಜೋನ್ಸನೂ ತಮ್ಮವರನ್ನು ಕರೆದುಕೊಂಡು ಈ ಕೆಲಸಕ್ಕೆ ಇಳಿದರು. ಮಕ್ಕಳು ತಂದೆತಾಯಿಗಳನ್ನು ಬಿಟ್ಟು ಓಡಿದ ಮನೆಗಳಲ್ಲಿ ಈ ಜನ ರಾತ್ರಿ ಹಗಲು ನಿಂತರು.

ಜ್ವರ ಇಳಿದ ಮೇಲೆ ಬಹುಮಾನವಾಗಿ ಬಂದದ್ದು ಒಂದು ಅಪವಾದ. ಮ್ಯಾಥ್ಯೂ ಕೇರಿ ಎಂಬ ಮುದ್ರಣಕಾರನು ಒಂದು ಚರಿತ್ರೆಯನ್ನು ಅಚ್ಚು ಹಾಕಿಸಿ, ಕಪ್ಪು ಜನರಲ್ಲಿ ಹಲವರು ಶುಶ್ರೂಷೆಯ ನೆಪದಲ್ಲಿ ಹಣ ಸುಲಿದರು, ಮನೆಗಳನ್ನು ದೋಚಿದರು ಎಂದು ಬರೆದನು. ಆಲೆನ್ ಮತ್ತು ಜೋನ್ಸ್ 1794ರಲ್ಲಿ ಇದಕ್ಕೆ ಉತ್ತರವಾಗಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಎರಡು ಅಂಕಿಗಳು. 1792ರಲ್ಲಿ ಊರಿನಲ್ಲಿ ಹೂಳಲ್ಪಟ್ಟ ಕಪ್ಪು ಜನರು 67. ಜ್ವರ ಬಂದ 1793ರಲ್ಲಿ 305. ನಾಲ್ಕು ಪಾಲಿಗೂ ಮಿಕ್ಕಿದ ಹೆಚ್ಚಳ. ತಮಗೆ ಜ್ವರ ಅಂಟುವುದಿಲ್ಲವೆಂಬ ಮಾತಿಗೆ ಅವರು ದೀರ್ಘವಾದ ತರ್ಕವನ್ನು ಹೂಡಲಿಲ್ಲ. ಸ್ಮಶಾನದ ಪಟ್ಟಿಯನ್ನು ಮುಂದಿಟ್ಟರು. ಈ ಜ್ವರವನ್ನು ಹರಡುವುದು ಸೊಳ್ಳೆಯೆಂದು ವಾಲ್ಟರ್ ರೀಡನ ಮಂಡಲಿಯು ಖಚಿತಪಡಿಸಿದುದು 1900ರಲ್ಲಿ. ಸೊಳ್ಳೆಗೆ ಬಣ್ಣದ ಭೇದವಿಲ್ಲವೆಂಬುದನ್ನು ಆ ಇಬ್ಬರು ಪಾದ್ರಿಗಳು ಶಾಸ್ತ್ರದ ನೆರವಿಲ್ಲದೆಯೇ ಎಣಿಸಿ ತೋರಿಸಿದ್ದರು.

ಈಗ ನೂರು ವರ್ಷ ಮುಂದೆ ಬರೋಣ. ಗುಲಾಮಗಿರಿ 1865ರಲ್ಲಿ ಕೊನೆಗಂಡಿತ್ತು. ವಾದವು ಮಾತ್ರ ತಲೆಕೆಳಗಾಗಿ ನಿಂತಿತ್ತು. ಮೊದಲು ಕಪ್ಪು ಜನರಿಗೆ ರೋಗವೇ ಬಾರದೆಂದಿದ್ದರು. ಈಗ ರೋಗದಿಂದ ಸಾಯುವುದೇ ಅವರ ಹುಟ್ಟುಗುಣವೆಂದರು. ಈ ಎರಡನೆಯ ಮಾತನ್ನು ಹೇಳಿದವರಲ್ಲಿ ಮುಖ್ಯನು ಫ್ರೆಡರಿಕ್ ಹಾಫ್‌ಮನ್. ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಈತನು ಪ್ರುಡೆನ್ಷಿಯಲ್ ಎಂಬ ದೊಡ್ಡ ವಿಮಾ ಕಂಪನಿಯ ಅಂಕಿಅಂಶ ಪಂಡಿತ. ಆ ಕಂಪನಿಯು 1881ರಲ್ಲಿಯೇ ಒಂದು ನಿಯಮವನ್ನು ಮಾಡಿತ್ತು: ಕಪ್ಪು ಜನರು ಬಿಳಿಯರಷ್ಟೇ ಕಂತು ಕಟ್ಟಬೇಕು, ಆದರೆ ಸತ್ತರೆ ಅವರ ಕುಟುಂಬಕ್ಕೆ ಸಿಕ್ಕುವ ಹಣದಲ್ಲಿ ಮೂರನೆಯ ಒಂದು ಪಾಲು ಕಡಿಮೆ. ಮಸಾಚುಸೆಟ್ಸ್ ಮೊದಲಾದ ಕೆಲವು ಸಂಸ್ಥಾನಗಳು ಇಂತಹ ಭೇದವನ್ನು ನಿಷೇಧಿಸಿ ಕಾನೂನು ಮಾಡಿದುವು. ಆಗ ಕಂಪನಿಗೆ ಬೇಕಾದುದು ಭೇದಕ್ಕೆ ಒಂದು ಶಾಸ್ತ್ರಾಧಾರ. ಹಾಫ್‌ಮನ್ನನು 1896ರಲ್ಲಿ ಪ್ರಕಟಿಸಿದ ದಪ್ಪ ಗ್ರಂಥವು ಅದನ್ನು ಒದಗಿಸಿತು. ಖಾನೇಷುಮಾರಿಯ ವರದಿಗಳು, ಸೈನ್ಯದ ದಾಖಲೆಗಳು, ನಗರಗಳ ಮರಣದ ಪಟ್ಟಿಗಳು ಎಲ್ಲವನ್ನೂ ಜಾಲಾಡಿ, ಕ್ಷಯರೋಗದಿಂದಲೂ ಇತರ ರೋಗಗಳಿಂದಲೂ ಕಪ್ಪು ಜನರು ಹೆಚ್ಚಾಗಿ ಸಾಯುತ್ತಿರುವರೆಂದು ತೋರಿಸಿದನು. ಇಷ್ಟಕ್ಕೇ ನಿಂತಿದ್ದರೆ ತಕರಾರಿರಲಿಲ್ಲ. ಇದಕ್ಕೆ ಕಾರಣ ಅವರು ಬಾಳುವ ಪರಿಸ್ಥಿತಿಯಲ್ಲ, ಅವರ ರಕ್ತದಲ್ಲಿರುವ ಗುಣ, ಆದ್ದರಿಂದ ಈ ಜನಾಂಗವು ಕ್ರಮೇಣ ಅಳಿದುಹೋಗುವುದು ಎಂದು ತೀರ್ಪು ಕೊಟ್ಟನು. ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿಯೇ ಕಂಡುಹಿಡಿದಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ಹಾಫ್‌ಮನ್ನನು ಮೂಢನಲ್ಲ. ಮುಂದೆ ಧೂಳಿನ ಕಸಬುಗಳಲ್ಲಿ ದುಡಿಯುವವರ ಕ್ಷಯವನ್ನು ಕುರಿತು ಅವನು ಮಾಡಿದ ಕೆಲಸ ಬೆಲೆಯುಳ್ಳದ್ದು. ಅಲ್ಲಿ ರೋಗಕ್ಕೆ ಕಾರಣ ಧೂಳೆಂದು ಅವನಿಗೆ ಸ್ಪಷ್ಟವಾಗಿ ಕಂಡಿತು. ಕಲ್ಲು ಕಡಿಯುವವನ ಎದೆಯಲ್ಲಿ ಧೂಳನ್ನು ಕಂಡ ಕಣ್ಣು ಕಪ್ಪು ಕೂಲಿಯ ಎದೆಯಲ್ಲಿ ರಕ್ತವನ್ನು ಮಾತ್ರ ಕಂಡಿತು.

ಹಾಫ್‌ಮನ್ನನ ಗ್ರಂಥವನ್ನು ವಿಮರ್ಶಿಸಿ 1897ರ ಜನವರಿಯಲ್ಲಿ ಒಂದು ವಿದ್ವತ್ಪತ್ರಿಕೆಯಲ್ಲಿ ಬರೆದವನು ಇಪ್ಪತ್ತೆಂಟು ವರ್ಷದ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬೋಯ್ಸ್. ಯೂರೋಪಿನ ನೇಪಲ್ಸ್, ಬುಡಾಪೆಸ್ಟ್, ಮ್ಯಾಡ್ರಿಡ್ ಮುಂತಾದ ನಗರಗಳಲ್ಲಿ ಬಿಳಿಯರ ಮರಣ ಪ್ರಮಾಣವು ಅಮೆರಿಕದ ನಗರಗಳ ಕಪ್ಪು ಜನರಷ್ಟೇ ಅಥವಾ ಅದಕ್ಕೂ ಹೆಚ್ಚಾಗಿರುವುದನ್ನು ಅವನು ಎತ್ತಿ ತೋರಿಸಿದನು. ಹಾಗಾದರೆ ಆ ಬಿಳಿಯರೂ ಅಳಿಯತಕ್ಕ ಜನಾಂಗವೇ ಎಂಬುದು ಅವನ ವಾದದ ಸಾರ. ಇದನ್ನು ಬರೆಯುವಾಗ ಅವನು ಏಳನೆಯ ವಾರ್ಡಿನಲ್ಲಿಯೇ ವಾಸವಾಗಿದ್ದನು.

ಡು ಬೋಯ್ಸ್ ಹುಟ್ಟಿದುದು 1868ರಲ್ಲಿ, ಮಸಾಚುಸೆಟ್ಸ್ ಸಂಸ್ಥಾನದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಚಿಕ್ಕ ಊರಿನಲ್ಲಿ. ಹಾರ್ವರ್ಡಿನಲ್ಲಿ ಓದಿ, ಎರಡು ವರ್ಷ ಬರ್ಲಿನ್ನಿನಲ್ಲಿದ್ದು, 1895ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಹಾರ್ವರ್ಡಿನಿಂದ ಆ ಪದವಿ ಪಡೆದ ಕಪ್ಪು ಜನರಲ್ಲಿ ಅವನೇ ಮೊದಲಿಗ. 1896ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವು ಅವನನ್ನು ಕರೆಯಿಸಿ, ಫಿಲಡೆಲ್ಫಿಯದ ಕಪ್ಪು ಜನರ ಸ್ಥಿತಿಯನ್ನು ಪರಿಶೀಲಿಸುವ ಕೆಲಸವನ್ನು ಒಪ್ಪಿಸಿತು. ಊರಿನ ಆಡಳಿತ ಕೆಟ್ಟಿದೆ, ಆ ಕೇಡಿನ ಬೇರು ಕಪ್ಪು ಜನರ ವಾರ್ಡಿನಲ್ಲಿದೆ ಎಂಬುದು ಊರಿನ ಸುಧಾರಕರಲ್ಲಿ ಹಲವರ ಅಭಿಪ್ರಾಯವಾಗಿತ್ತೆಂದೂ, ಅದಕ್ಕೆ ಪಂಡಿತನ ಮುದ್ರೆ ಅವರಿಗೆ ಬೇಕಾಗಿತ್ತೆಂದೂ ಡು ಬೋಯ್ಸ್ ಮುಂದೆ ಬರೆದಿಟ್ಟನು. ರೋಗಿಗೆ ಇಂತಹುದೇ ರೋಗವೆಂದು ನಿಶ್ಚಯಿಸಿಕೊಂಡು ಆಮೇಲೆ ವೈದ್ಯನನ್ನು ಕರೆದಂತಾಯಿತು. ಹೊಸದಾಗಿ ಮದುವೆಯಾಗಿದ್ದ ಅವನು ಹೆಂಡತಿಯೊಡನೆ ಬಂದು, ಏಳನೆಯ ಬೀದಿ ಮತ್ತು ಲೊಂಬಾರ್ಡ್ ಬೀದಿ ಕೂಡುವೆಡೆಯ ಹತ್ತಿರ, ವಾರ್ಡಿನ ಅತ್ಯಂತ ಹೀನವಾದ ಭಾಗದಲ್ಲಿ, ಒಂದು ಅಗ್ಗದ ಊಟದ ಮನೆಯ ಮೇಲಿನ ಕೋಣೆಯಲ್ಲಿ ಇಳಿದುಕೊಂಡನು.

ಅವನ ಕ್ರಮಕ್ಕೆ ಮೇಲ್ಪಂಕ್ತಿ ಇರಲಿಲ್ಲವೆಂದಲ್ಲ. ಲಂಡನ್ನಿನಲ್ಲಿ ಚಾರ್ಲ್ಸ್ ಬೂತ್ ಎಂಬ ಹಡಗಿನ ವ್ಯಾಪಾರಿಯು ಸ್ವಂತ ಹಣದಿಂದ ಬೀದಿಬೀದಿಯ ಬಡತನವನ್ನು ಅಳೆದು, 1889ರಿಂದ ಸಂಪುಟಗಳನ್ನು ಹೊರಡಿಸುತ್ತಿದ್ದನು. ಲಂಡನ್ನಿನ ಜನರಲ್ಲಿ ನೂರಕ್ಕೆ 30.7 ಮಂದಿ ಬಡತನದಲ್ಲಿರುವರೆಂದು ಅವನ ಲೆಕ್ಕ. ಧನಿಕರ ಬೀದಿಗೆ ಹಳದಿ, ಕಡುಬಡವರ ಬೀದಿಗೆ ಕಡು ನೀಲಿ, ಎಲ್ಲಕ್ಕಿಂತ ಕೆಳಗಿನದಕ್ಕೆ ಕಪ್ಪು ಎಂದು ಬಣ್ಣ ಹಚ್ಚಿದ ಅವನ ನಕ್ಷೆಗಳು ಹೆಸರಾಂತವು. ಷಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಶ್ರಮದ ಮಹಿಳೆಯರು 1895ರಲ್ಲಿ ತಮ್ಮ ಕೇರಿಗೆ ಇಂತಹುದೇ ನಕ್ಷೆಯನ್ನು ಮಾಡಿದರು. ಬೂತನ ಹತ್ತಿರ ಸಹಾಯಕರ ಒಂದು ದಂಡೇ ಇತ್ತು. ಡು ಬೋಯ್ಸ್ ಒಂಟಿಯಾಗಿ ಹೊರಟನು. ಮನೆಗೆಲಸದವರನ್ನು ಕುರಿತ ಒಂದು ಭಾಗವನ್ನು ಮಾತ್ರ ಇಸಬೆಲ್ ಈಟನ್ ಎಂಬಾಕೆ ಪ್ರತ್ಯೇಕವಾಗಿ ಬರೆದಳು.

ಅವನ ಕೈಯಲ್ಲಿ ಆರು ಬಗೆಯ ಪ್ರಶ್ನಪತ್ರಗಳಿದ್ದುವು. ಕುಟುಂಬಕ್ಕೆ ಒಂದು, ಕುಟುಂಬದ ಪ್ರತಿಯೊಬ್ಬ ವ್ಯಕ್ತಿಗೆ ಒಂದು, ಮನೆಗೆ ಒಂದು, ಬೀದಿಗೆ ಒಂದು, ಇಗರ್ಜಿ ಸಂಘ ಮೊದಲಾದ ಸಂಸ್ಥೆಗಳಿಗೆ ಒಂದು, ಧಣಿಗಳ ಮನೆಯಲ್ಲಿಯೇ ವಾಸಿಸುವ ಆಳುಗಳಿಗೆ ಒಂದು. ಈ ವಿಭಾಗದಲ್ಲಿಯೇ ಅವನ ಬುದ್ಧಿ ಕಾಣುತ್ತದೆ. ಮರಣದ ಪಟ್ಟಿಯಲ್ಲಿ ಮನುಷ್ಯನಿದ್ದಾನೆ, ಅವನ ಬಣ್ಣವಿದೆ, ರೋಗವಿದೆ. ಮನೆಯಿಲ್ಲ, ಬೀದಿಯಿಲ್ಲ, ಬಾಡಿಗೆಯಿಲ್ಲ, ನಲ್ಲಿಯಿಲ್ಲ. ಅದರಲ್ಲಿ ಬಿಟ್ಟುಹೋದುದನ್ನೆಲ್ಲ ಇವನು ಕೇಳಿಕೊಂಡು ಹೋದನು. ಪ್ರತಿ ಮನೆಯಲ್ಲಿಯೂ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಕುಳಿತನು. ಸುಮಾರು 2,500 ಮನೆಗಳಿಗೆ ತಲಾ ಇಪ್ಪತ್ತು ನಿಮಿಷವೆಂದು ಹಿಡಿದರೂ ಎಂಟುನೂರು ಗಂಟೆಗಳಿಗೆ ಮೀರಿದ ಮಾತುಕತೆ.

ಜನರು ಅವನನ್ನು ತೋಳು ಚಾಚಿ ಬರಮಾಡಿಕೊಂಡರೆಂದು ತಿಳಿಯಬಾರದು. ನಮ್ಮನ್ನು ವಿಚಿತ್ರ ಪ್ರಾಣಿಗಳಂತೆ ಪರೀಕ್ಷಿಸಲು ಬಂದವನಾರು ಎಂಬ ಸಂಶಯ ಅವರಿಗಿದ್ದಿತು. ತನ್ನ ಜನವನ್ನು ತಾನೇ ಅರಿತಿಲ್ಲವೆಂದು ಅಲ್ಲಿ ತನಗೆ ಮನವರಿಕೆಯಾಯಿತೆಂದು ಅವನು ಹೇಳಿಕೊಂಡಿದ್ದಾನೆ. ಅಪರಿಚಿತನೊಬ್ಬನು ಕಾಗದ ಹಿಡಿದು ಬಾಗಿಲಿಗೆ ಬಂದರೆ ಮನೆಯವರು ಏನನ್ನು ಮುಚ್ಚಿಡುವರೆಂಬುದು ನಮ್ಮ ನಾಡಿನ ಹಿರಿಯರಿಗೂ ತಿಳಿದಿದ್ದ ವಿಷಯ. ಅದೇ ಕಾಲದಲ್ಲಿ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಾಗ ತಪಾಸಣೆಯವರ ಕಣ್ಣಿಗೆ ಬೀಳದಂತೆ ರೋಗಿಗಳನ್ನು ಬಚ್ಚಿಟ್ಟ ಮನೆಗಳಿದ್ದುವು. ಫಿಲಡೆಲ್ಫಿಯದಲ್ಲಿ ಬಚ್ಚಿಟ್ಟುದು ಬೇರೆ. ಗಂಡನು ಬಿಟ್ಟುಹೋದ ಹೆಂಗಸು ತಾನು ವಿಧವೆಯೆಂದು ಹೇಳುವುದುಂಟು. ಪ್ರಾಯ ಕಳೆದವರು ವಯಸ್ಸನ್ನು ಇಳಿಸಿ ಹೇಳುವುದುಂಟು. ಇಂತಹ ಉತ್ತರಗಳನ್ನು ಡು ಬೋಯ್ಸ್ ಕಣ್ಣು ಮುಚ್ಚಿ ನಂಬಲಿಲ್ಲ. ನಂಬಲಾರದುವೆಂದು ಬಿಸುಡಲೂ ಇಲ್ಲ. ಎಲ್ಲೆಲ್ಲಿ ತಪ್ಪು ನುಗ್ಗಿರಬಹುದೆಂದು ಓದುಗರಿಗೆ ತಿಳಿಸಿಯೇ ಮುಂದುವರಿದನು.

ಲೆಕ್ಕವು ಮುಗಿದಾಗ ವಾರ್ಡಿನಲ್ಲಿ 9,675 ಕಪ್ಪು ಜನರಿದ್ದರು: ಗಂಡಸರು 4,501, ಹೆಂಗಸರು 5,174. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ದಕ್ಷಿಣ ಸಂಸ್ಥಾನಗಳಲ್ಲಿ ಹುಟ್ಟಿ ಕೆಲಸ ಹುಡುಕಿಕೊಂಡು ಬಂದವರು. ಹೆಂಗಸರಲ್ಲಿ ದುಡಿಯುವವರು ಬಹುಮಟ್ಟಿಗೆ ಮನೆಗೆಲಸದವರು, ಬಟ್ಟೆ ಒಗೆಯುವವರು. ಗಂಡಸರು ಕೂಲಿಗಳು, ಹೊರೆಯಾಳುಗಳು, ಹೋಟೆಲಿನಲ್ಲಿ ಬಡಿಸುವವರು. ಕಸಬು ಕಲಿತವರಿಗೂ ಆ ಕಸಬಿನಲ್ಲಿ ಕೆಲಸವಿಲ್ಲ; ಸಂಘಗಳು ಸೇರಿಸಿಕೊಳ್ಳವು, ಯಜಮಾನರು ಇಟ್ಟುಕೊಳ್ಳರು. ದೊಡ್ಡ ಮನೆಗಳ ಹತ್ತಿರವೇ ವಾಸವಾಗಿದ್ದರೆ ಮಾತ್ರ ಕೆಲಸಕ್ಕೆ ಹೋಗಿಬರಬಹುದು. ಆದ್ದರಿಂದ ಊರಿನ ನಡುವೆ ಬಾಡಿಗೆ ಎಷ್ಟೇ ಇದ್ದರೂ ಅಲ್ಲಿಯೇ ಇರಬೇಕು. ಬೇರೆ ಕೇರಿಗಳಲ್ಲಿ ಇವರಿಗೆ ಮನೆ ಕೊಡುವವರಿಲ್ಲ. ಇದನ್ನು ಬಲ್ಲ ಮನೆಯೊಡೆಯರು ಕೀಳಾದ ಮನೆಗೆ ಮೇಲಾದ ಬಾಡಿಗೆಯನ್ನು ಕೇಳುತ್ತಿದ್ದರು. ಬಾಡಿಗೆಯನ್ನು ತೆರಲು ಮನೆಯವರು ಕೋಣೆಗಳನ್ನು ಒಳಬಾಡಿಗೆಗೆ ಕೊಡುತ್ತಿದ್ದರು. ಹೀಗೆ ಕೆಲಸದ ಬೇಲಿಯೇ ಬಾಡಿಗೆಯ ಬೇಲಿಯಾಗಿ, ಬಾಡಿಗೆಯೇ ಇಕ್ಕಟ್ಟಾಗಿ, ಇಕ್ಕಟ್ಟೇ ಕ್ಷಯವಾಗಿ ಮಾರ್ಪಡುವ ದಾರಿಯನ್ನು ಅವನ ಪ್ರಶ್ನಪತ್ರಗಳು ಹೆಜ್ಜೆಹೆಜ್ಜೆಗೆ ಹಿಡಿದುಕೊಟ್ಟುವು.

ಮನೆಗಳ ವಿಷಯದಲ್ಲಿ ಒಂದು ಅಂಕಿಯನ್ನು ಹೇಳಿದರೆ ಸಾಕು. 2,441 ಕುಟುಂಬಗಳಲ್ಲಿ ಸ್ನಾನದ ಕೋಣೆಯೂ ನೀರು ಹರಿಯುವ ಪಾಯಖಾನೆಯೂ ಇದ್ದುದು 334ಕ್ಕೆ ಮಾತ್ರ. ನೂರಕ್ಕೆ ಹದಿನಾಲ್ಕೂ ತುಂಬದು. ಬೀದಿಯ ಕಡೆಗೆ ಮುಖಮಾಡಿದ ಮನೆ ನೋಡಲು ಒಪ್ಪವಾಗಿರುತ್ತಿತ್ತು. ಅದರ ಪಕ್ಕದ ಇಕ್ಕಟ್ಟಾದ ಸಂದಿಯಲ್ಲಿ ನುಗ್ಗಿ ಹಿತ್ತಿಲಿಗೆ ಹೋದರೆ, ಒಂದು ಕಾಲದಲ್ಲಿ ತೋಟವಾಗಿದ್ದ ಜಾಗದಲ್ಲಿ ಒಂದರ ಮೇಲೊಂದು ಕೋಣೆ ಇಟ್ಟು ಕಟ್ಟಿದ ಚಿಕ್ಕ ಮನೆಗಳು, ಗಾಳಿಗೆ ದಾರಿಯಿಲ್ಲ, ಎಲ್ಲರಿಗೂ ಸೇರಿ ಒಂದೇ ಅಂಗಳ. ದೊಡ್ಡ ಬೀದಿಯಲ್ಲಿ ಗಾಡಿಯಲ್ಲಿ ಕುಳಿತು ಹೋಗುವ ಅಧಿಕಾರಿಗೆ ಇದು ಕಾಣುತ್ತಿರಲಿಲ್ಲ.

ಇನ್ನು ಸಾವಿನ ವಿಷಯ. 1884ರಿಂದ 1890ರವರೆಗಿನ ಸರಾಸರಿಯಲ್ಲಿ ಫಿಲಡೆಲ್ಫಿಯದ ಕಪ್ಪು ಜನರು ವರ್ಷಕ್ಕೆ ಸಾವಿರಕ್ಕೆ ಸುಮಾರು 31 ಮಂದಿಯೂ ಬಿಳಿಯರು ಸುಮಾರು 23 ಮಂದಿಯೂ ಸಾಯುತ್ತಿದ್ದರು. ಇಷ್ಟನ್ನೇ ನೋಡಿದರೆ ಹಾಫ್‌ಮನ್ನನ ವಾದಕ್ಕೆ ಇನ್ನೊಂದು ನಗರದ ಸಾಕ್ಷಿ ಸಿಕ್ಕಿದಂತೆ. ಡು ಬೋಯ್ಸ್ ಈ ಅಂಕಿಗಳನ್ನು ಅಲ್ಲಗಳೆಯಲಿಲ್ಲ. ನಗರದ ಸರಾಸರಿಯನ್ನು ಒಡೆದು ವಾರ್ಡುವಾರಾಗಿ ಹರಡಿದನು. ಐದನೆಯ ವಾರ್ಡು ಊರಿನಲ್ಲಿಯೇ ಅತ್ಯಂತ ಕೊಳಕಾದುದು. ಅಲ್ಲಿಯ ಕಪ್ಪು ಜನರು ಸಾವಿರಕ್ಕೆ ಸುಮಾರು 48ರಂತೆ ಸಾಯುತ್ತಿದ್ದರು. ಮೂವತ್ತನೆಯ ವಾರ್ಡಿನಲ್ಲಿ ಒಳ್ಳೆಯ ಮನೆಗಳು, ಚೊಕ್ಕಟವಾದ ಬೀದಿಗಳು. ಅಲ್ಲಿಯ ಕಪ್ಪು ಜನರು ಸಾಯುತ್ತಿದ್ದುದು ಸಾವಿರಕ್ಕೆ ಸುಮಾರು 22.

ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕು. ಒಂದೇ ಊರು, ಒಂದೇ ಹವೆ, ಒಂದೇ ಜನಾಂಗ. ರಕ್ತವೇ ಕಾರಣವಾಗಿದ್ದ ಪಕ್ಷದಲ್ಲಿ ಐದನೆಯ ವಾರ್ಡಿನಲ್ಲಿ ಒಂದು ರಕ್ತವೂ ಮೂವತ್ತನೆಯ ವಾರ್ಡಿನಲ್ಲಿ ಇನ್ನೊಂದು ರಕ್ತವೂ ಹರಿಯುತ್ತಿರಬೇಕು. ಮೂವತ್ತನೆಯ ವಾರ್ಡಿನ ಕಪ್ಪು ಜನರ ಮರಣ ಪ್ರಮಾಣವು ಇಡೀ ಊರಿನ ಬಿಳಿಯರ ಸರಾಸರಿಗೆ ಹತ್ತಿರವಾಗಿಯೇ ಇದೆ. ಕಪ್ಪು ಬಿಳುಪುಗಳ ನಡುವೆ ಎಂಟರ ಅಂತರವಿದ್ದರೆ, ಕಪ್ಪು ಜನರಲ್ಲಿಯೇ ಒಂದು ವಾರ್ಡಿಗೂ ಇನ್ನೊಂದಕ್ಕೂ ಇಪ್ಪತ್ತಾರರ ಅಂತರ. ನಗರದ ಸರಾಸರಿಯೆಂಬುದು ಈ ಇಪ್ಪತ್ತಾರನ್ನು ನುಂಗಿ ಕುಳಿತಿತ್ತು. ಸರಾಸರಿಯ ಗುಣವೇ ಅದು. ಅರಮನೆಯನ್ನೂ ಗುಡಿಸಲನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಮನೆಯಲ್ಲಿ ಯಾರೂ ವಾಸವಾಗಿರುವುದಿಲ್ಲ.

ಲೆಕ್ಕ ಬಲ್ಲವರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು, ತರಲೂ ಬೇಕು. ಸಾವಿರಕ್ಕೆ ಇಷ್ಟು ಸಾವು ಎಂಬ ಪ್ರಮಾಣವು ಜನರ ವಯಸ್ಸನ್ನು ಅವಲಂಬಿಸಿರುತ್ತದೆ. ಎಳೆಯ ಕೂಸುಗಳೂ ಮುದುಕರೂ ಹೆಚ್ಚಾಗಿರುವ ಕೇರಿಯಲ್ಲಿ ಸಾವು ಹೆಚ್ಚು. ಪ್ರಾಯದವರೇ ತುಂಬಿರುವ ಕೇರಿಯಲ್ಲಿ ಕಡಿಮೆ. ಆದ್ದರಿಂದ ಈ ಕಾಲದ ಪಂಡಿತರು ವಯಸ್ಸಿನ ಭೇದವನ್ನು ಸರಿಪಡಿಸದೆ ಎರಡು ಕೇರಿಗಳನ್ನು ಹೋಲಿಸುವುದಿಲ್ಲ. ಆ ಸೂಕ್ಷ್ಮವನ್ನು ಪೂರ್ತಿಯಾಗಿ ಸರಿತೂಗಿಸಲು ಡು ಬೋಯ್ಸನಲ್ಲಿ ಸಾಧನಗಳು ಸಾಲದಾಗಿದ್ದುವು. ಆದರೆ ಇಪ್ಪತ್ತಾರರ ಅಂತರವೆಲ್ಲವೂ ವಯಸ್ಸಿನದೆಂದು ಹೇಳುವವರು, ಮೊದಲು ಎಂಟರ ಅಂತರವೆಲ್ಲವೂ ವಯಸ್ಸಿನದಲ್ಲವೆಂದು ತೋರಿಸಬೇಕಾಗುತ್ತಿತ್ತು.

ಅವನ ಅಳತೆ ಸಾವಿನೊಡನೆ ಮುಗಿಯಲಿಲ್ಲ. ಈಗ ಜೀವನದ ಗುಣಮಟ್ಟವೆಂದು ಕರೆಯುವ ಸಂಗತಿಗಳಲ್ಲಿ ಬಹುಭಾಗವು ಆಗಲೇ ಅವನ ಗ್ರಂಥದಲ್ಲಿದೆ: ಎಷ್ಟು ಜನರಿಗೆ ಓದು ಬರಹ ಬರುತ್ತದೆ, ಸಂಪಾದನೆ ಎಷ್ಟು, ಯಾವ ಸಂಘಕ್ಕೆ ಚಂದಾ ಕಟ್ಟುತ್ತಾರೆ, ಸತ್ತರೆ ಮಣ್ಣುಮಾಡಲು ಹಣ ಕೂಡಿಟ್ಟಿರುವರೇ, ಬಿಡುವಿನ ವೇಳೆಯನ್ನು ಎಲ್ಲಿ ಕಳೆಯುತ್ತಾರೆ. ಲೊಂಬಾರ್ಡ್ ಬೀದಿಯಲ್ಲಿ ಡಾಕ್ಟರ್ ನೇಥನ್ ಮೊಸೆಲ್ 1895ರಲ್ಲಿ ಆರಂಭಿಸಿದ ಆಸ್ಪತ್ರೆಯೊಂದಿತ್ತು. ಕಪ್ಪು ವೈದ್ಯರಿಗೂ ದಾದಿಯರಿಗೂ ಅಲ್ಲಿ ತರಬೇತಿಗೆ ಎಡೆಯಿತ್ತು. ರೋಗಿಗಳ ಪಟ್ಟಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದ ಜನರು ಇಲ್ಲಿ ವೈದ್ಯರ ಪಟ್ಟಿಯಲ್ಲಿಯೂ ಇದ್ದರು.

ವಾರ್ಡಿನ ಪ್ರತಿಯೊಂದು ಮನೆಯನ್ನೂ ಅವನು ನಕ್ಷೆಯ ಮೇಲೆ ಗುರುತು ಮಾಡಿ ನಾಲ್ಕು ಬಣ್ಣಗಳನ್ನು ಹಚ್ಚಿದನು: ಅನುಕೂಲಸ್ಥರಿಗೆ ಕೆಂಪು, ದುಡಿಯುವವರಿಗೆ ಹಸುರು, ಬಡವರಿಗೆ ನೀಲಿ, ದುರ್ವೃತ್ತರಿಗೂ ಅಪರಾಧಿಗಳಿಗೂ ಕಪ್ಪು. ಈ ನಾಲ್ಕನೆಯದು ನನಗೆ ಒಪ್ಪಿಗೆಯಾಗದ ಸಂಗತಿ. ಮೊದಲ ಮೂರು ಬಣ್ಣಗಳು ಸ್ಥಿತಿಯನ್ನು ಅಳೆಯುತ್ತವೆ, ನಾಲ್ಕನೆಯದು ನಡತೆಯನ್ನು ತೂಗುತ್ತದೆ. ಹತ್ತಿಪ್ಪತ್ತು ನಿಮಿಷ ಒಂದು ಮನೆಯಲ್ಲಿ ಕುಳಿತವನು ಅದನ್ನು ತೂಗಬಲ್ಲನೇ? ಬರ್ಲಿನ್ನಿನ ತರಗತಿಗಳಿಂದ ಬಂದ, ಕೈಯಲ್ಲಿ ಬೆತ್ತ ಹಿಡಿದು ಕೈಚೀಲ ತೊಟ್ಟು ನಡೆಯುತ್ತಿದ್ದ ತರುಣನ ಕಣ್ಣಿಗೆ ಸೋಮಾರಿತನ, ದುಂದು, ಶಿಥಿಲವಾದ ಕುಟುಂಬಗಳು ದೊಡ್ಡದಾಗಿ ಕಂಡುವು; ಅವುಗಳನ್ನು ಖಂಡಿಸುವಾಗ ಅವನ ಮಾತು ಪಾದ್ರಿಯ ಬೋಧನೆಯಂತಾಗುತ್ತದೆ. ಆದರೂ ನಾಲ್ಕು ಬಣ್ಣಗಳಿರುವುದೇ ಆ ಕಾಲಕ್ಕೆ ದೊಡ್ಡ ಮಾತು. ಊರಿನವರ ಕಣ್ಣಿಗೆ ವಾರ್ಡು ಒಂದೇ ಬಣ್ಣದ್ದಾಗಿತ್ತು.

ಗ್ರಂಥವು 'ದಿ ಫಿಲಡೆಲ್ಫಿಯ ನೀಗ್ರೋ' ಎಂಬ ಹೆಸರಿನಿಂದ 1899ರಲ್ಲಿ ಪ್ರಕಟವಾಯಿತು. ಆಗ ಡು ಬೋಯ್ಸ್ ಜಾರ್ಜಿಯ ಸಂಸ್ಥಾನದ ಅಟ್ಲಾಂಟ ನಗರದಲ್ಲಿ ಅಧ್ಯಾಪಕನಾಗಿದ್ದನು. ಅಳೆದು ತೋರಿಸಿದರೆ ಜನರು ನಂಬುವರು, ಅಜ್ಞಾನವೇ ಎಲ್ಲ ಕೇಡಿಗೂ ಕಾರಣ ಎಂಬುದು ಅವನ ದೃಢವಾದ ವಿಶ್ವಾಸವಾಗಿತ್ತು. ಅದೇ ವರ್ಷ ಆ ವಿಶ್ವಾಸಕ್ಕೆ ಎರಡು ಪೆಟ್ಟುಗಳು ಬಿದ್ದುವು.

ಏಪ್ರಿಲ್ ತಿಂಗಳಲ್ಲಿ ಅಟ್ಲಾಂಟದಿಂದ ಸ್ವಲ್ಪ ದೂರದಲ್ಲಿ ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಯನ್ನು ಗುಂಪು ಕಟ್ಟಿಕೊಂಡು ಬಂದ ಬಿಳಿಯರು ಚಿತ್ರಹಿಂಸೆ ಮಾಡಿ ಸುಟ್ಟುಬಿಟ್ಟರು. ಈ ವಿಚಾರವಾಗಿ ಸಮಾಧಾನದ ಮಾತುಗಳಲ್ಲಿ ಒಂದು ಪತ್ರವನ್ನು ಬರೆದುಕೊಂಡು ಡು ಬೋಯ್ಸ್ ವೃತ್ತಪತ್ರಿಕೆಯ ಕಚೇರಿಗೆ ನಡೆದು ಹೋಗುತ್ತಿದ್ದನು. ಸತ್ತವನ ಬೆರಳಿನ ಗೆಣ್ಣುಗಳನ್ನು ಅದೇ ದಾರಿಯ ಮುಂದಿನ ಅಂಗಡಿಯೊಂದರಲ್ಲಿ ನೋಡುವವರಿಗಾಗಿ ಇಟ್ಟಿರುವರೆಂದು ಯಾರೋ ಹೇಳಿದರು. ಅವನು ಹಿಂದಿರುಗಿದನು. ಇಂತಹವು ನಡೆಯುತ್ತಿರುವಾಗ ತಾನು ಉದ್ವೇಗವಿಲ್ಲದ ವಿಜ್ಞಾನಿಯಾಗಿ ಕುಳಿತಿರಲಾರೆನೆಂದು ಅಂದು ತನಗೆ ತೋರಿತೆಂದು ಅವನೇ ಬರೆದಿದ್ದಾನೆ. ಮರುತಿಂಗಳು, ಮೇ 24ರಂದು, ಅವನ ಚೊಚ್ಚಲ ಮಗ ಡಿಫ್ತೀರಿಯ ಎಂಬ ಗಂಟಲಮಾರಿಯಿಂದ ತೀರಿಕೊಂಡನು. ಫಿಲಡೆಲ್ಫಿಯದ ಪರಿಶೀಲನೆಯು ನಡೆಯುತ್ತಿದ್ದಾಗ, 1897ರ ಅಕ್ಟೋಬರಿನಲ್ಲಿ, ಹುಟ್ಟಿದ ಮಗು. ಆ ರೋಗಕ್ಕೆ ಔಷಧವು ಕೆಲವು ವರ್ಷಗಳ ಹಿಂದೆಯೇ ದೊಡ್ಡ ನಗರಗಳಲ್ಲಿ ಬಳಕೆಗೆ ಬಂದಿತ್ತು. ಕಪ್ಪು ಜನರ ಶಿಶುಮರಣವನ್ನು ಸಾವಿರಕ್ಕೆ ಇಷ್ಟೆಂದು ಎಣಿಸಿದ್ದವನ ಮನೆಯಲ್ಲಿಯೇ ಆ ಲೆಕ್ಕಕ್ಕೆ ಒಂದು ಕೂಡಿಕೊಂಡಿತು.

ಆದರೂ ಅವನು ಎಣಿಸುವುದನ್ನು ಬಿಡಲಿಲ್ಲ. 1906ರಲ್ಲಿ ಅಟ್ಲಾಂಟ ವಿಶ್ವವಿದ್ಯಾನಿಲಯದಿಂದ ಕಪ್ಪು ಜನರ ಆರೋಗ್ಯ ಮತ್ತು ಮೈಕಟ್ಟನ್ನು ಕುರಿತ ಇನ್ನೊಂದು ಗ್ರಂಥವನ್ನು ಹೊರಡಿಸಿದನು. ಮನೆ, ವಿದ್ಯೆ, ಸಂಪಾದನೆಗಳು ಸುಧಾರಿಸಿದಂತೆ ಸಾವಿನ ಅಂತರವೂ ಇಳಿಯುವುದೆಂಬುದು ಅದರ ನಿರ್ಣಯ. ಅಳಿದುಹೋಗುವುದೆಂದು ಹಾಫ್‌ಮನ್ನನು ಭವಿಷ್ಯ ಹೇಳಿದ ಜನಾಂಗವು 1890ರಲ್ಲಿ ಸುಮಾರು 75 ಲಕ್ಷವಿದ್ದುದು 2020ರ ಖಾನೇಷುಮಾರಿಯಲ್ಲಿ ನಾಲ್ಕು ಕೋಟಿಯನ್ನು ಮೀರಿತು. 1900ರಲ್ಲಿ ಅಮೆರಿಕದ ಬಿಳಿಯರ ಸರಾಸರಿ ಆಯುಸ್ಸಿಗಿಂತ ಬಿಳಿಯರಲ್ಲದವರ ಆಯುಸ್ಸು ಹದಿನಾಲ್ಕು ವರ್ಷಕ್ಕೂ ಮಿಕ್ಕು ಕಡಿಮೆಯಾಗಿತ್ತು. 2019ರಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಇದ್ದ ಅಂತರ ಸುಮಾರು ನಾಲ್ಕು ವರ್ಷ. ಒಂದು ಶತಮಾನದಲ್ಲಿ ಜನಾಂಗದ ರಕ್ತ ಬದಲಾಗುವುದಿಲ್ಲ. ಉಳಿದಿರುವ ನಾಲ್ಕು ವರ್ಷಗಳಿಗೂ ಕಾರಣವನ್ನು ಬಾಡಿಗೆ, ಕೆಲಸ, ಆಸ್ಪತ್ರೆಗಳಲ್ಲಿಯೇ ಹುಡುಕಬೇಕಾಗಿದೆ.

ಏಳನೆಯ ವಾರ್ಡು ಈಗ ಆ ರೂಪದಲ್ಲಿಲ್ಲ. ಇಪ್ಪತ್ತನೆಯ ಶತಮಾನದ ನಡುವೆ ಸೌತ್ ಬೀದಿಯನ್ನು ಹಿಡಿದು ದೊಡ್ಡದೊಂದು ಮೋಟಾರು ಹೆದ್ದಾರಿಯನ್ನು ಮಾಡಬೇಕೆಂದು ನಗರದವರು ಯೋಚಿಸಿದರು. ನೆರೆಯ ಜನರು ಒಟ್ಟಾಗಿ ಎದುರು ನಿಂತುದರಿಂದ ಆ ಯೋಜನೆ ಬಿದ್ದುಹೋಯಿತು. ಆದರೆ ಅಷ್ಟರಲ್ಲಿ ಹಲವರು ಮನೆಗಳನ್ನು ಬಿಟ್ಟುಹೋಗಿದ್ದರು. ಮುಂದೆ ಬಾಡಿಗೆಗಳೂ ಏರಿ, ಡು ಬೋಯ್ಸ್ ಕಂಡಿದ್ದ ಜನರ ಸಂತತಿಯವರು ಅಲ್ಲಿ ವಿರಳವಾದರು. ಮದರ್ ಬೆತೆಲ್ ಇಗರ್ಜಿ ಮಾತ್ರ ಆರನೆಯ ಬೀದಿಯ ಮೂಲೆಯಲ್ಲಿ ಹಾಗೆಯೇ ನಿಂತಿದೆ.

ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯವು ತನಗೆ ಒಂದು ಹುದ್ದೆಯ ಹೆಸರನ್ನು ಕೊಟ್ಟಿತಾದರೂ ಪಾಠ ಹೇಳುವ ಅವಕಾಶವನ್ನು ಕೊಡಲಿಲ್ಲ, ಅಧ್ಯಾಪಕರ ಪಟ್ಟಿಯಲ್ಲಿ ತನ್ನ ಹೆಸರನ್ನು ಅಚ್ಚು ಹಾಕಿಸಲೂ ಇಲ್ಲವೆಂದು ಡು ಬೋಯ್ಸ್ ಬರೆದಿಟ್ಟಿದ್ದಾನೆ. ಅವನು 1963ರ ಆಗಸ್ಟ್ 27ರಂದು, ತೊಂಬತ್ತೈದನೆಯ ವಯಸ್ಸಿನಲ್ಲಿ, ಆಫ್ರಿಕದ ಘಾನ ದೇಶದ ಅಕ್ರಾ ನಗರದಲ್ಲಿ ತೀರಿಕೊಂಡನು. ಅದೇ ವಿಶ್ವವಿದ್ಯಾನಿಲಯವು 2012ರಲ್ಲಿ ಅವನಿಗೆ ಸಮಾಜಶಾಸ್ತ್ರದ ಗೌರವ ಪ್ರಾಧ್ಯಾಪಕನೆಂಬ ಪದವಿಯನ್ನು ಕೊಟ್ಟು, ಅವನ ಹೆಸರನ್ನು ಪಟ್ಟಿಗೆ ಸೇರಿಸಿಕೊಂಡಿತು.